ಮೇಗರವಳ್ಳಿಯ ‘ಗಯಾನಾ ಟೀಚರ್’ ಹೋಂಸ್ಟೇ: ರೂಮು ಸಾಧಾರಣ, ಆದರೂ ಹೋಗಿ ಬನ್ನಿ

ಮೊದಲೇ ಹೇಳಿಬಿಡುತ್ತೇನೆ. ಈಜುಕೊಳ, ಡಿಜೆ, ಜೀಪ್ ರೈಡು, ರಾತ್ರಿ ಬೆಂಕಿ ಹಾಕಿಕೊಂಡು ಕುಣಿಯೋದು ಇದೆಲ್ಲ ಬೇಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಇಲ್ಲಿ ಅದ್ಯಾವುದೂ ಇಲ್ಲ. ಎರಡು ರೂಮು, ಒಂದು ಉದ್ದ ಜಗಲಿ, ಸುತ್ತ ಅಡಿಕೆ ತೋಟ, ಮಾತು ಶುರು ಮಾಡಿದರೆ ನಿಲ್ಲಿಸದ ಒಬ್ಬರು ರಿಟೈರ್ಡ್ ಟೀಚರ್. ಅಷ್ಟೇ.

ನಾವು ಹೋಗಿದ್ದು ಡಿಸೆಂಬರ್ ಎರಡನೇ ವಾರ. ನಾನು, ಹೆಂಡತಿ, ಅಮ್ಮ. ಶಿವಮೊಗ್ಗದಿಂದ ತೀರ್ಥಹಳ್ಳಿ, ಅಲ್ಲಿಂದ ಆಗುಂಬೆ ರೋಡಿನಲ್ಲಿ ಮೇಗರವಳ್ಳಿ, ಆಮೇಲೆ ಒಳಗೆ ಮಣ್ಣು ರಸ್ತೆ. ಬೋರ್ಡು ಹಾಕಿಲ್ಲ. ಅಂಗಡಿಯಲ್ಲಿ ‘ಗಯಾನಾ ಟೀಚರ್ ಮನೆ’ ಅಂತ ಕೇಳಿದರೆ ಕೈ ತೋರಿಸುತ್ತಾರೆ. ನಾವು ಒಂದು ಬುಕಿಂಗ್ ಆ್ಯಪ್‌ನಲ್ಲಿ ದುಡ್ಡು ಕಟ್ಟಿದ್ದೆವು, ಅದು ಎರಡು ಸಲ ಕಟ್ ಆಗಿ ವಾಪಸ್ ಬರೋದಕ್ಕೆ ಹನ್ನೊಂದು ದಿನ ತೆಗೆದುಕೊಂಡಿತು, ಹಾಗಾಗಿ ನೀವು ನೇರವಾಗಿ ಫೋನ್ ಮಾಡಿಯೇ ಹೋಗಿ. ಒಬ್ಬರಿಗೆ ಒಂದು ದಿನಕ್ಕೆ 1,800 ರೂಪಾಯಿ, ಮೂರು ಹೊತ್ತಿನ ಊಟ-ತಿಂಡಿ ಸೇರಿ.

ಗಯಾನಾ ಯಾಕೆ ಅಂತ ನಿಮಗೂ ಅನ್ನಿಸಿರಬೇಕು. ಕ್ರಿಕೆಟ್ ನೋಡುವವರಿಗೆ ಚಂದ್ರಪಾಲ್ ಊರು ಅಂದರೆ ಸಾಕು. ದಕ್ಷಿಣ ಅಮೆರಿಕದ ಮೇಲಂಚಿನಲ್ಲಿರುವ ಸಣ್ಣ ದೇಶ, 1966ರವರೆಗೆ ಬ್ರಿಟಿಷರ ಕೈಯಲ್ಲಿತ್ತು, 1838ರಿಂದ ಶುರುವಾಗಿ ನಮ್ಮ ದೇಶದಿಂದ ಕಬ್ಬಿನ ತೋಟದ ಕೂಲಿಗೆ ಹಡಗು ಹತ್ತಿಸಿಕೊಂಡು ಹೋದವರ ಮಕ್ಕಳು-ಮರಿಮಕ್ಕಳು ಇವತ್ತು ಅಲ್ಲಿ ಎಲ್ಲರಿಗಿಂತ ಜಾಸ್ತಿ. ಆದರೆ ಟೀಚರ್ ಇದ್ದದ್ದು ಆ ಜನರ ನಡುವೆ ಅಲ್ಲ. ಅವರು ಮೂರು ವರ್ಷ ವಿಜ್ಞಾನ ಪಾಠ ಮಾಡಿದ್ದು ಒಳನಾಡಿನ ರುಪುನುನಿ ಅನ್ನುವ ಹುಲ್ಲುಗಾವಲು ಸೀಮೆಯಲ್ಲಿ, ಅನ್ನಾಯ್ ಅನ್ನುವ ಊರಿನ ಕಡೆ. ಅಲ್ಲಿಯವರು ಮಕುಶಿ ಜನ. ಕೊಲಂಬಸ್ ದಾರಿ ತಪ್ಪಿ ‘ಇಂಡಿಯನ್ನರು’ ಅಂತ ಕರೆದನಲ್ಲ, ಆ ಕಡೆಯ ಮೂಲನಿವಾಸಿಗಳು. ನಮ್ಮವರನ್ನೂ ಅಲ್ಲಿ ಇಂಡಿಯನ್ ಅಂತಲೇ ಕರೆಯೋದರಿಂದ ಗೊಂದಲ ಬೇಡ ಅಂತ ಮೂಲನಿವಾಸಿಗಳಿಗೆ ‘ಅಮೆರಿಂಡಿಯನ್’ ಅನ್ನುತ್ತಾರೆ. ಇಂಥವರಲ್ಲಿ ಒಟ್ಟು ಒಂಬತ್ತು ಪಂಗಡ, 2012ರ ಜನಗಣತಿಯಲ್ಲಿ ದೇಶದ ನೂರಕ್ಕೆ ಹತ್ತು ಜನ.

ಜಗಲಿ ಹತ್ತಿದ ಕೂಡಲೇ ಕಾಣೋದು ತೊಲೆಗೆ ನೇತುಹಾಕಿದ ಒಂದು ಉದ್ದನೆ ಹೆಣಿಗೆ. ಆಳೆತ್ತರ ಇದೆ, ತೋಳಿನಷ್ಟು ದಪ್ಪ, ಬೆತ್ತದ ಥರದ ಸೀಳಿನಿಂದ ಓರೆ ಓರೆಯಾಗಿ ನೇಯ್ದದ್ದು. ಅಮ್ಮ ನೋಡಿದವರೇ, “ಇದೆಂಥ ಕೂಣಿ, ಇಷ್ಟು ಸಪೂರ? ಇದಕ್ಕೆ ಹಾವುಮೀನು ಬಿಟ್ಟರೆ ಬೇರೆ ಎಂಥದ್ದೂ ಬೀಳೋದಿಲ್ಲ” ಅಂದರು. ಮೊದಲ ಮಳೆಗೆ ಹತ್ತುಮೀನು ಹಿಡಿಯೋಕೆ ಕೂಣಿ ಇಟ್ಟು ಬೆಳೆದವರಿಗೆ ಹಾಗೆ ಅನ್ನಿಸೋದು ಸಹಜ. ಟೀಚರ್ ನಕ್ಕು, ಇದು ಮೀನಿಗಲ್ಲ, ಮರಗೆಣಸು ಹಿಂಡೋದಕ್ಕೆ, ಹೆಸರು ‘ಮಟಾಪಿ’, ಬೆಳಿಗ್ಗೆ ತೋರಿಸುತ್ತೇನೆ ಅಂದರು. ಇಲ್ಲಿಂದ ಅಮ್ಮ ಮತ್ತು ಟೀಚರ್ ಒಂದು ಪಾರ್ಟಿ, ನಾನು ಮತ್ತು ನನ್ನ ಹೆಂಡತಿ ಬರೀ ಪ್ರೇಕ್ಷಕರು.

ಬೆಳಿಗ್ಗೆ ನಿಜಕ್ಕೂ ತೋರಿಸಿದರು. ಅಲ್ಲಿಯ ಮರಗೆಣಸು ಎರಡು ಬಗೆ, ಸಿಹಿ ಮತ್ತು ಕಹಿ. ಕಹಿಯದರ ರಸದಲ್ಲಿ ಸಯನೈಡ್ ವಿಷ ಇರುತ್ತದೆ, ಹಸಿ ಕುಡಿದರೆ ಪ್ರಾಣ ಹೋಗಬಹುದು. ಆದರೂ ಆ ಜನ ಜಾಸ್ತಿ ಬೆಳೆಯೋದು ಕಹಿಯನ್ನೇ. ಅಮ್ಮನಿಗೆ ಇದು ಹೊಸ ಸುದ್ದಿ ಅಲ್ಲ, ಮರಗೆಣಸಿನ ಸೊಪ್ಪು ತಿಂದು ನಮ್ಮ ಮನೆಯ ಗಬ್ಬದ ದನ ಒಂದು ಸಂಜೆಯೊಳಗೆ ಸತ್ತದ್ದನ್ನು ಇವತ್ತಿಗೂ ಹೇಳುತ್ತಾರೆ. ಟೀಚರ್ ಬಳಸೋದು ನಮ್ಮೂರ ಸಂತೆಯ ಮಾಮೂಲಿ ಸಿಹಿ ಗೆಣಸು. ಅದನ್ನು ಸಿಪ್ಪೆ ತೆಗೆದು, ತೊಳೆದು, ತುರಿಮಣೆಯಲ್ಲಿ ತುರಿದು, ಆ ಹಸಿ ತುರಿಯನ್ನು ಮಟಾಪಿಯ ಬಾಯಿಯಿಂದ ತುಂಬಿದರು. ತುಂಬಿದಷ್ಟೂ ಅದು ಮೊಟಕಾಗಿ ದಪ್ಪ ಆಗುತ್ತಾ ಬಂತು, ಊಟ ಮಾಡಿದ ಹೆಬ್ಬಾವಿನ ಹಾಗೆ. ಮೇಲಿನ ಕುಣಿಕೆ ತೊಲೆಗೆ, ಕೆಳಗಿನ ಕುಣಿಕೆಗೆ ಒಂದು ಗಟ್ಟಿ ಕೋಲು ತೂರಿಸಿ, ಕೋಲಿನ ಒಂದು ತುದಿ ಕಂಬದ ಬುಡಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯ ಮೇಲೆ ನನ್ನ ಹೆಂಡತಿಯನ್ನು ಕೂರಿಸಿದರು. ಭಾರಕ್ಕೆ ಮಟಾಪಿ ಉದ್ದ ಎಳೆದುಕೊಳ್ಳುತ್ತದೆ, ಉದ್ದ ಆದ ಹಾಗೆ ಸಪೂರ ಆಗುತ್ತದೆ, ಸಪೂರ ಆದ ಹಾಗೆ ಹೆಣಿಗೆಯ ಸಂದಿಯಿಂದ ಹಾಲಿನಂಥ ರಸ ಬೇಸಿನ್ನಿಗೆ ತೊಟ ತೊಟ ಬೀಳುತ್ತದೆ. ಮೊಳೆ ಇಲ್ಲ, ಸ್ಕ್ರೂ ಇಲ್ಲ. ಎಂಟು ನಿಮಿಷ ಕೂತರು. ಹೊರಗೆ ಬಂದ ತುರಿ ಒದ್ದೆ ಮರಳಿನ ಹಾಗೆ ಉಂಡೆ ಕಟ್ಟಿತ್ತು.

ಆ ತುರಿಯನ್ನು ಪುಡಿ ಮಾಡಿ, ಜರಡಿ ಹಿಡಿದು, ಕಾದ ದೋಸೆ ಕಾವಲಿಯ ಮೇಲೆ ಸುಮ್ನೆ ಹರಡುತ್ತಾರೆ. ನೀರಿಲ್ಲ, ಎಣ್ಣೆ ಇಲ್ಲ. ಸಟ್ಟುಗದಲ್ಲಿ ಒತ್ತುತ್ತಾ ಹೋದ ಹಾಗೆ ಪುಡಿ ತನ್ನಷ್ಟಕ್ಕೆ ಹಿಡಿದುಕೊಂಡು ರೊಟ್ಟಿ ಆಗುತ್ತದೆ, ಮಗುಚುತ್ತಾರೆ, ಆಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ರುಚಿ? ಸುಳ್ಳು ಹೇಳಲ್ಲ. ಮೊದಲ ತುತ್ತು ರಟ್ಟು ಕಡಿದ ಹಾಗಿತ್ತು. ಅಮ್ಮ ಒಂದು ಚೂರು ಬಾಯಿಗಿಟ್ಟು, “ಇದಕ್ಕೆ ತುಪ್ಪ, ಜೋನಿಬೆಲ್ಲ ಇಲ್ಲದೆ ಆಗಲ್ಲ” ಅಂತ ತೀರ್ಪು ಕೊಟ್ಟರು. ಆದರೆ ಮಧ್ಯಾಹ್ನ ಅದನ್ನು ಪೆಪ್ಪರ್‌ಪಾಟ್ ಅನ್ನುವ ಸಾರಿನಲ್ಲಿ ಅದ್ದಿದಾಗ ಕಥೆಯೇ ಬೇರೆ. ಗೆಣಸಿನ ರಸವನ್ನು ಗಂಟೆಗಟ್ಟಲೆ ಕುದಿಸಿದರೆ ವಿಷ ಆವಿಯಾಗಿ ಹೋಗಿ ಕಪ್ಪನೆ ಪಾಕ ಉಳಿಯುತ್ತದೆ, ಅದಕ್ಕೆ ಕ್ಯಾಸರೀಪ್ ಅನ್ನುತ್ತಾರೆ. ಉಪ್ಪಾಗೆ ಹುಳಿ ಕಾಸಿದ್ದನ್ನು ನೋಡಿದವರಿಗೆ ಬಣ್ಣ ಗೊತ್ತಾಗುತ್ತದೆ, ಆದರೆ ಇದು ಹುಳಿ ಅಲ್ಲ, ತಳ ಹಿಡಿದ ಬೆಲ್ಲದ ಹಾಗೆ ಕಹಿ-ಸಿಹಿ. ಅದರಲ್ಲಿ ನಾಟಿ ಕೋಳಿ, ಒಂದು ಹಿಡಿ ಸೂಜಿಮೆಣಸು. ಫ್ರಿಜ್ ಇಲ್ಲದ ಊರಿನಲ್ಲಿ ಈ ಪಾಕ ಹಾಕಿದ ಮಾಂಸವನ್ನು ದಿನಾ ಕುದಿಸಿಕೊಂಡು ಎಷ್ಟೋ ದಿನ ಇಡುತ್ತಾರಂತೆ. ಕಣ್ಣಲ್ಲಿ ನೀರು ಬಂತು, ಎರಡನೇ ಸಲ ಹಾಕಿಸಿಕೊಂಡೆ. ಖಾರ ತಿನ್ನದವರು ಮೊದಲೇ ಹೇಳಿ, ತಂಬುಳಿ ಅನ್ನ ಮಾಡಿಕೊಡುತ್ತಾರೆ.

ಊಟದ ನಡುವೆ ಟೀಚರ್ ಒಂದು ಮಾತು ಹೇಳಿದರು. ನಮ್ಮ ಮೆಣಸಿನಕಾಯಿ, ಗೇರು, ಪೇರಲೆ, ಅನಾನಸು, ಪರಂಗಿ ಹಣ್ಣು, ಮರಗೆಣಸು ಎಲ್ಲ ಆ ಕಡೆಯ ಜನ ಸಾವಿರಾರು ವರ್ಷ ಬೆಳೆಸಿ ಪಳಗಿಸಿದ್ದು, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂದದ್ದು. ಸಬ್ಬಕ್ಕಿಯೂ ಮರಗೆಣಸಿನ ಹಿಟ್ಟೇ, ಸೇಲಂ ಕಡೆ ಮಾಡಿ ಕಳಿಸುತ್ತಾರೆ. ನಲವತ್ತು ವರ್ಷದಿಂದ ಸಬ್ಬಕ್ಕಿ ಸಂಡಿಗೆ ಇಡುತ್ತಿರುವ ಅಮ್ಮ ಒಂದು ನಿಮಿಷ ಸುಮ್ಮನಾದರು. ಸೂಜಿಮೆಣಸು ಮಾತ್ರ ನಮ್ಮದೇ ಅಂತ ಹಠ ಹಿಡಿದರು. ಟೀಚರ್ ಜಗಳ ಆಡಲಿಲ್ಲ.

ರೂಮಿನ ವಿಷಯ ಬೇಗ ಮುಗಿಸುತ್ತೇನೆ. ಚೊಕ್ಕ ಇದೆ, ಆದರೆ ತಗಡಿನ ಮಾಡು, ಡಿಸೆಂಬರ್ ಚಳಿಗೆ ಕೊಟ್ಟ ಕಂಬಳಿ ಸಾಲಲಿಲ್ಲ. ಬಚ್ಚಲು ಹೊರಗೆ. ಹಂಡೆ ನೀರು ಬೇಕಾದಷ್ಟು, ಅದಕ್ಕೆ ಪೂರ್ತಿ ಮಾರ್ಕು. ಮೊಬೈಲಿಗೆ ಸಿಗ್ನಲ್ ಬೇಕಾದರೆ ದರೆ ಹತ್ತಬೇಕು. ರಾತ್ರಿ ಊಟ ಒಂಬತ್ತೂವರೆಗೆ ಬಂತು, ಶುಗರ್ ಇರುವವರನ್ನು ಕರೆದುಕೊಂಡು ಹೋಗುವವರು ಬಿಸ್ಕತ್ತು ಇಟ್ಟುಕೊಂಡಿರಿ. ಇನ್ನೊಂದು ರೂಮಿಗೆ ಬೆಂಗಳೂರಿನಿಂದ ನಾಲ್ಕು ಹುಡುಗರು ಬಂದಿದ್ದರು, ಸ್ಪೀಕರ್ ಹಚ್ಚಬಾರದು ಅಂದದ್ದಕ್ಕೆ ಮುಖ ಊದಿಸಿಕೊಂಡು ಸಂಜೆಯೇ ಆಗುಂಬೆ ಕಡೆ ಹೊರಟುಹೋದರು. ನಮಗೆ ಒಳ್ಳೆಯದೇ ಆಯಿತು.

ಅಡಿಕೆ ಕೊಯ್ಲಿನ ಕಾಲ. ರಾತ್ರಿ ಅಂಗಳದ ಚಪ್ಪರದ ಕೆಳಗೆ ಐದಾರು ಜನ ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು. ಅಮ್ಮ ಯಾರನ್ನೂ ಕೇಳದೆ ಒಂದು ಮೆಟ್ಟುಗತ್ತಿ ಎಳೆದುಕೊಂಡು ಕೂತರು. ದುಡ್ಡು ಕೊಟ್ಟು ಬಂದು ಕೂಲಿ ಮಾಡಿದ ಗೆಸ್ಟು ಅಂದರೆ ನಮ್ಮಮ್ಮ ಒಬ್ಬರೇ ಇರಬೇಕು. ಟೀಚರ್ ಕಥೆ ಬಿಚ್ಚಿದ್ದು ಅಲ್ಲೇ.

ಅನ್ನಾಯ್ ಹತ್ತಿರ ಸುರಾಮ ಅಂತ ಒಂದು ಹಳ್ಳಿ, ರಜಾ ಬಂದರೆ ಟೀಚರ್ ಹೋಗುತ್ತಿದ್ದದ್ದು ಅಲ್ಲಿಗೆ. ಮುನ್ನೂರು ಚಿಲ್ಲರೆ ಜನ. ಸುತ್ತ ಕಾಡು, ನಡುವೆ ಹುಲ್ಲಿನ ಬಯಲು, ಹಿಂದೆ ಪಕರೈಮಾ ಬೆಟ್ಟ, ಪಕ್ಕದಲ್ಲಿ ಬುರೋ-ಬುರೋ ಹೊಳೆ. ರಾಜಧಾನಿ ಜಾರ್ಜ್‌ಟೌನಿನಿಂದ ಕೆಂಪು ಮಣ್ಣಿನ ರಸ್ತೆಯಲ್ಲಿ ಮಿನಿಬಸ್ಸಿನಲ್ಲಿ ಕುಲುಕಿಕೊಂಡು ಬರಬೇಕು, ನಡುವೆ ಎಸ್ಸೆಕಿಬೊ ನದಿ. ಸೇತುವೆ ಆಗೋ ಮೊದಲು ಸಿಗಂದೂರಿಗೆ ಲಾಂಚ್ ಇತ್ತಲ್ಲ, ಹಾಗೆ ಬಸ್ಸನ್ನೇ ಹತ್ತಿಸಿಕೊಂಡು ದಾಟಿಸುತ್ತಿದ್ದರಂತೆ. ಅಲ್ಲೂ ಮೇ ತಿಂಗಳಿಗೆ ಮಳೆ ಹಿಡಿದರೆ ಆಗಸ್ಟ್‌ವರೆಗೆ ಬಿಡೋದಿಲ್ಲ, ಬಯಲು ಕೆರೆ ಆಗುತ್ತದೆ. ಮಾಡಿಗೆ ನಮ್ಮ ಸೋಗೆಯ ಹಾಗೆ ಇಟೆ ಅನ್ನುವ ತಾಳೆಯ ಗರಿ. ಬೇಸಾಯ ನಮ್ಮ ಹಳಬರ ಕುಮರಿ ಇದ್ದ ಹಾಗೆ: ಕಾಡಿನಲ್ಲಿ ಒಂದು ತುಂಡು ಕಡಿದು, ಒಣಗಿದ ಮೇಲೆ ಸುಟ್ಟು, ಮಳೆಗೆ ಮರಗೆಣಸಿನ ಕಡ್ಡಿ ಊರಿ, ಎರಡು ಮೂರು ವರ್ಷ ಉಂಡು, ಆ ಜಾಗ ಕಾಡಿಗೇ ಬಿಟ್ಟು ಮುಂದೆ ಹೋಗೋದು.

ಈ ಜನ ಮೊದಲಿನಿಂದ ನೆಮ್ಮದಿಯಾಗಿದ್ದರು ಅಂದುಕೊಂಡರೆ ತಪ್ಪು. ಹದಿನೆಂಟನೇ ಶತಮಾನದಲ್ಲಿ ಒಂದು ಕಡೆಯಿಂದ ಬ್ರೆಜಿಲಿನ ಪೋರ್ಚುಗೀಸರು, ಇನ್ನೊಂದು ಕಡೆಯಿಂದ ಕ್ಯಾರಿಬ್ ಪಂಗಡದವರು ಬಂದು ಮಕುಶಿಗಳನ್ನು ಗುಲಾಮರಾಗಿ ಹಿಡಿದುಕೊಂಡು ಹೋಗುತ್ತಿದ್ದರು. ಆಮೇಲೆ ಮಿಷನರಿಗಳು ಬಂದರು. ಆಮೇಲೆ ದನದ ರ‍್ಯಾಂಚುಗಳು ಬಂದವು. 1920ರ ಸುಮಾರಿಗೆ ರುಪುನುನಿಯಿಂದ ಕರಾವಳಿಗೆ ಕಾಡು ಕಡಿದು ದನ ಹೊಡೆದುಕೊಂಡು ಹೋಗುವ ದಾರಿ ಮಾಡಿದರು. ಬಲಾಟಾ ಅನ್ನುವ ಮರದ ಹಾಲು ಇಳಿಸುವ ಕೆಲಸಕ್ಕೂ ಎಷ್ಟೋ ಜನ ಕಾಡಿಗೆ ಹೋಗುತ್ತಿದ್ದರು, ಗಾಲ್ಫ್ ಚೆಂಡಿಗೆ, ಮಿಷನ್ ಬೆಲ್ಟಿಗೆ ಅದು ಬೇಕಿತ್ತು. ಪ್ಲಾಸ್ಟಿಕ್ ಬಂದ ಮೇಲೆ ಅದೂ ಹೋಯಿತು.

ನನ್ನ ಹೆಂಡತಿ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ನರ್ಸ್. ಅವಳು ಎದ್ದು ಕೂತದ್ದು ಕತ್ತೆಯ ಕಥೆಗೆ. ಮಕುಶಿಗಳು ಊದುಕೊಳವೆಯ ಬಾಣಕ್ಕೆ ಹಚ್ಚುತ್ತಿದ್ದ ವಿಷ ಇಡೀ ಸೀಮೆಯಲ್ಲಿ ಹೆಸರುವಾಸಿ. ಪ್ರಾಣಿಗೆ ತಾಗಿದರೆ ಮೈ ಸಡಿಲ ಆಗಿ, ಉಸಿರಾಡೋ ಶಕ್ತಿ ಹೋಗಿ ಬೀಳುತ್ತದೆ. 1812ರಲ್ಲಿ ಚಾರ್ಲ್ಸ್ ವಾಟರ್ಟನ್ ಅನ್ನುವ ಇಂಗ್ಲಿಷಿನವನು ಅದನ್ನು ಹುಡುಕಿಕೊಂಡೇ ಅಲ್ಲಿಗೆ ನಡೆದು ಬಂದ. ಎರಡು ವರ್ಷದ ಮೇಲೆ ಲಂಡನ್ನಿನಲ್ಲಿ ಒಂದು ಹೆಣ್ಣು ಕತ್ತೆಗೆ ಆ ವಿಷ ಕೊಟ್ಟು, ಅದರ ಗಂಟಲ ನಾಳಕ್ಕೆ ತಿದಿ ಸಿಕ್ಕಿಸಿ, ಗಂಟೆಗಟ್ಟಲೆ ಗಾಳಿ ಊದಿದರು. ವಿಷ ಇಳಿದ ಮೇಲೆ ಕತ್ತೆ ಎದ್ದು ನಿಂತಿತು! ಆಮೇಲೆ ಇಪ್ಪತ್ತೈದು ವರ್ಷ ಹಾಯಾಗಿ ಹುಲ್ಲು ಮೇಯ್ದುಕೊಂಡು ಇತ್ತು. 1942ರಲ್ಲಿ ಕೆನಡಾದ ಡಾಕ್ಟರುಗಳು ಅದೇ ಜಾತಿಯ ವಿಷದಿಂದ ತೆಗೆದ ಔಷಧಿಯನ್ನು ಆಪರೇಷನ್ ವೇಳೆ ಸ್ನಾಯು ಸಡಿಲ ಮಾಡೋಕೆ ಬಳಸಿದರು. ಆ ವಿಷದ ಹೆಸರು ಕ್ಯುರಾರೆ. “ಅಟ್ರಾಕ್ಯುರಿಯಂ!” ಅಂದಳು ನನ್ನ ಹೆಂಡತಿ. “ದಿನಾ ಅದರ ಬಾಟಲಿ ತೆಗೆದುಕೊಡುತ್ತೇನೆ, ಕ್ಯುರಿಯಂ ಅಂತ ಯಾಕೆ ಅಂತ ಇವತ್ತಿನವರೆಗೆ ಯೋಚನೆ ಮಾಡಿರಲಿಲ್ಲ.”

ಅಮ್ಮನಿಗೆ ಕತ್ತೆ ಬೇಕಿರಲಿಲ್ಲ. ಅಡಿಕೆ ಸುಲಿಯುತ್ತಲೇ ತಲೆ ಎತ್ತದೆ ಕೇಳಿದರು: “ಅಲ್ಲ ಟೀಚರೇ, ಆ ಜನಕ್ಕೆ ಜಮೀನಿನ ಪತ್ರ ಇದ್ಯಾ?”

ಈ ಪ್ರಶ್ನೆ ಅಮ್ಮ ಯಾಕೆ ಕೇಳಿದರು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಮುಳುಗಡೆ ಮನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅಜ್ಜ ಎರಡು ಎತ್ತು, ಒಂದು ಹಂಡೆ, ಬಾಗಿಲ ದಾರಂದ ಹೇರಿಕೊಂಡು ಬಂದವರು. ಕೊಟ್ಟ ಜಾಗ ಕಾಡು ಅಂತಲೋ ಕಂದಾಯ ಅಂತಲೋ ಇನ್ನೂ ತೀರ್ಮಾನ ಆಗಿಲ್ಲ, ಹಕ್ಕುಪತ್ರದ ಫೈಲು ನನಗಿಂತ ಹಳೆಯದು.

ಟೀಚರ್ ಕೆಲಸ ನಿಲ್ಲಿಸಿ ಉತ್ತರ ಕೊಟ್ಟರು. ಸ್ವಾತಂತ್ರ್ಯ ಕೊಡುವಾಗಲೇ ಇವರ ಭೂಮಿ ಹಕ್ಕು ಇತ್ಯರ್ಥ ಮಾಡಬೇಕು ಅಂತ ಮಾತಾಗಿತ್ತು. 1967ರಲ್ಲಿ ಆಯೋಗ ಕೂತಿತು. 1976ರಲ್ಲಿ ಒಂದಷ್ಟು ಊರುಗಳಿಗೆ ಪತ್ರ ಸಿಕ್ಕಿತು, ಉಳಿದವು ಸಾಲಿನಲ್ಲಿ ನಿಂತವು. ಪತ್ರ ಒಬ್ಬೊಬ್ಬರ ಹೆಸರಿನಲ್ಲಿ ಅಲ್ಲ, ಇಡೀ ಊರಿನ ಹೆಸರಿನಲ್ಲಿ. ಯಾರೂ ಮಾರುವ ಹಾಗಿಲ್ಲ. ಊರಿಗೊಬ್ಬ ಮುಖ್ಯಸ್ಥ, ‘ತೊಶಾವೊ’ ಅಂತ, ಮೂರು ವರ್ಷಕ್ಕೊಮ್ಮೆ ಓಟು ಹಾಕಿ ಆರಿಸುತ್ತಾರೆ, ಹೆಂಗಸರೂ ಆಗಬಹುದು. ಊರಿನ ಜಾಗ ಗುತ್ತಿಗೆಗೆ ಕೊಡಬೇಕಾದರೆ ಊರ ಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು, 2006ರ ಕಾನೂನು ಹಾಗೆ ಹೇಳುತ್ತದೆ. ಆದರೆ ಮಣ್ಣಿನ ಕೆಳಗಿನ ಚಿನ್ನ, ವಜ್ರ ಸರ್ಕಾರದ್ದು.

“ಮೇಲಿಂದು ನಿಮ್ಮದು, ಕೆಳಗಿಂದು ನಮ್ಮದು ಅಂದ್ರಾ? ಎಲ್ಲ ಕಡೆ ಒಂದೇ ಜಾತಿ ಬುದ್ಧಿ” ಅಂದರು ಅಮ್ಮ. ಚಪ್ಪರದ ಹೆಂಗಸರೆಲ್ಲ ನಕ್ಕರು.

ಆಮೇಲೆ ಟೀಚರ್ ಹೇಳಿದ್ದು ಕೇಳಿ ನನಗೇ ಮೈ ಜುಂ ಅಂತು. 1970ರ ದಶಕದಲ್ಲಿ ಗಯಾನಾದ ಮಜರುನಿ ನದಿಯ ಮೇಲ್ಭಾಗಕ್ಕೆ ದೊಡ್ಡ ಅಣೆಕಟ್ಟು ಕಟ್ಟಿ ಕರೆಂಟು ತೆಗೆಯುವ ಯೋಜನೆ ಹಾಕಿದ್ದರು. ಅಲ್ಲಿ ಅಕವಾಯೊ ಅನ್ನುವ ಇನ್ನೊಂದು ಪಂಗಡದ ಊರುಗಳಿವೆ, ಅವೆಲ್ಲ ನೀರಿನಡಿಗೆ ಹೋಗಬೇಕಿತ್ತು. ಜನ ಒಪ್ಪಲಿಲ್ಲ, ಹೊರದೇಶದವರೂ ಅವರ ಪರ ದನಿ ಎತ್ತಿದರು. ನೆರೆಯ ವೆನೆಜುವೆಲಾ ಆ ಸೀಮೆಯೇ ನಮ್ಮದು ಅಂತ ತಕರಾರು ತೆಗೆದಿತ್ತು, ದುಡ್ಡೂ ಹೊಂದಲಿಲ್ಲ. ಅಣೆಕಟ್ಟು ಬರಲಿಲ್ಲ. ಊರು ಉಳಿಯಿತು.

ಅಮ್ಮ ಸ್ವಲ್ಪ ಹೊತ್ತು ಅಡಿಕೆ ಸುಲಿದರು. “ಬೇಸಿಗೆಯಲ್ಲಿ ನೀರು ಇಳಿದರೆ ಮಡೆನೂರು ಡ್ಯಾಮು ಕಾಣುತ್ತದೆ” ಅಂದರು, ಯಾರಿಗೆ ಅಂತ ಇಲ್ಲದೆ. ಲಿಂಗನಮಕ್ಕಿ ನೀರಿನಲ್ಲಿ ಮುಳುಗಿದ ಹಳೇ ಡ್ಯಾಮು ಅದು. “ನಮ್ಮ ಬಾವಿಕಟ್ಟೆಯೂ ಒಂದು ವರ್ಷ ಕಂಡಿತ್ತು.”

ಈ ಹೋಂಸ್ಟೇ ನನಗೆ ಯಾಕೆ ಹಿಡಿಸಿತು ಅಂದರೆ, ಇನ್ನೊಂದು ಜಾಗದ ನೆನಪು ಇದೆ. ಎರಡು ವರ್ಷದ ಹಿಂದೆ ಒಂದು ದುಬಾರಿ ರೆಸಾರ್ಟಿಗೆ ಹೋಗಿದ್ದೆವು, ಹೆಸರು ಬೇಡ. ರಾತ್ರಿ ಊಟದ ಹೊತ್ತಿಗೆ ‘ಬುಡಕಟ್ಟು ನೃತ್ಯ’ ಅಂತ ಬೋರ್ಡು. ಬೆಳಿಗ್ಗೆ ಇಡ್ಲಿ ಬಡಿಸಿದ ಹುಡುಗರೇ ಮುಖಕ್ಕೆ ಮಸಿ ಬಳಿದುಕೊಂಡು, ತಲೆಗೆ ಕೋಳಿಪುಕ್ಕ ಸಿಕ್ಕಿಸಿಕೊಂಡು ‘ಹೂ ಹೂ’ ಅಂತ ಕೂಗಿ ಕುಣಿದರು. ನಿಜವಾದ ಬುಡಕಟ್ಟಿನವರಾದ ಹಸಲರ ಹಾಡಿ ಅಲ್ಲಿಂದ ಕೂಗಳತೆಯಲ್ಲಿದೆ. ಅವರು ಯಾರೂ ಹಾಗೆ ಕುಣಿಯೋದನ್ನು ನಾನಂತೂ ನೋಡಿಲ್ಲ.

ಟೀಚರ್ ಮನೆಯಲ್ಲಿ ಪುಕ್ಕ ಇಲ್ಲ. ಮಕುಶಿ ಮಕ್ಕಳ ಫೋಟೊ ಗೋಡೆಗೆ ಹಾಕಿಲ್ಲ. ಕೇಳಿದ್ದಕ್ಕೆ, “ಅವರ ಮಕ್ಕಳ ಫೋಟೊ ನನ್ನ ಬಿಸಿನೆಸ್ಸಿಗೆ ಯಾಕೆ?” ಅಂದರು. ಆ ಜನರೂ ಈಗ ಜೀನ್ಸ್ ಹಾಕುತ್ತಾರೆ, ಮೋಟಾರ್‌ಬೈಕಿನಲ್ಲಿ ಓಡಾಡುತ್ತಾರೆ ಅನ್ನೋದನ್ನೂ ಅವರೇ ಮೊದಲು ಹೇಳಿದರು. ಸುರಾಮದವರು 90ರ ದಶಕದಿಂದಲೇ ತಮ್ಮದೇ ಗೆಸ್ಟ್‌ಹೌಸ್ ನಡೆಸುತ್ತಾರೆ, ಗೈಡು, ಅಡುಗೆ, ದೋಣಿ ಎಲ್ಲ ಊರಿನವರೇ. ಟೀಚರಿಗೆ ಹೋಂಸ್ಟೇ ಯೋಚನೆ ಬಂದದ್ದೇ ಅಲ್ಲಿಂದ. ಆ ಕೆಲಸದಲ್ಲಿ ಮುಂದೆ ನಿಂತಿದ್ದ ಆ ಊರಿನ ಸಿಡ್ನಿ ಆಲಿಕಾಕ್ 2015ರಲ್ಲಿ ದೇಶದ ಉಪಾಧ್ಯಕ್ಷರಲ್ಲಿ ಒಬ್ಬರಾದರು. ಅಲ್ಲಿಯ ಮೂಲನಿವಾಸಿಗಳಿಂದ ಮೊದಲ ಬಾರಿಗೆ ಒಬ್ಬರು, ಸ್ಟೀಫನ್ ಕ್ಯಾಂಬೆಲ್, ಶಾಸನಸಭೆಗೆ ಹೋದದ್ದು 1957ರ ಸೆಪ್ಟೆಂಬರ್ 10ರಂದು, ಆ ದಿನವನ್ನು ಈಗಲೂ ಅಲ್ಲಿ ಹಬ್ಬದ ಹಾಗೆ ಆಚರಿಸುತ್ತಾರೆ.

ಒಂದೇ ಒಂದು ಬೇಜಾರು ಅಂದರೆ ಪರಕಾರಿ. ಮರಗೆಣಸಿನ ರೊಟ್ಟಿಗೆ ಬೂಸ್ಟು ಬರಿಸಿ, ಅದರಿಂದ ಹುಳಿಸಿ ಮಾಡುವ ಮಕುಶಿಗಳ ಹೆಂಡ. ನಮ್ಮದೂ ಹೆಂಡ ಇಳಿಸುತ್ತಿದ್ದ ಮನೆತನ, ಹಾಗಾಗಿ ಕುತೂಹಲ ಇರೋದೇ ಅಲ್ವಾ. ಎಷ್ಟು ಕೇಳಿದರೂ ಕೊಡಲಿಲ್ಲ. “ಅಬಕಾರಿಯವರು ಬಂದರೆ ನೀವು ಬರುತ್ತೀರಾ ಜಾಮೀನಿಗೆ?” ಅಂತ ಕೇಳಿ ಬಾಯಿ ಮುಚ್ಚಿಸಿದರು.

ಸ್ಟಾರು ಲೆಕ್ಕಕ್ಕೆ: ರೂಮಿಗೆ ಮೂರು, ಊಟಕ್ಕೆ ನಾಲ್ಕು, ಹಂಡೆ ನೀರಿಗೆ ಐದು. ಮಾತಿಗೆ ಎಷ್ಟು ಕೊಡಬೇಕು ಅಂತ ಗೊತ್ತಾಗಲಿಲ್ಲ, ಮಾತು ಬೇಡದವರಿಗೆ ಅದು ಮೈನಸ್ಸೇ. ಮಟಾಪಿ ನೋಡಬೇಕಾದರೆ ಎರಡು ದಿನ ಮೊದಲೇ ಹೇಳಿ, ಗೆಣಸು ತರಿಸಬೇಕಾಗುತ್ತದೆ. ನವೆಂಬರ್‌ನಿಂದ ಜನವರಿಯೊಳಗೆ ಹೋದರೆ ಒಳ್ಳೆಯದು, ಮಳೆಗಾಲದಲ್ಲಿ ಇಂಬಳದ ಕಾಟ, ಆ ಮಣ್ಣು ರಸ್ತೆಯಲ್ಲಿ ಸಣ್ಣ ಕಾರು ಹತ್ತೋದೂ ಇಲ್ಲ. ಸ್ವೆಟರ್ ತಗೊಂಡು ಹೋಗಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಆದರೆ ಹೊರಡೋ ಟೈಮಿಗೆ ಒಂದೂವರೆ ಗಂಟೆ ಸೇರಿಸಿಕೊಳ್ಳಿ. ನಾವು ಹನ್ನೊಂದಕ್ಕೆ ಬಿಡಬೇಕಿತ್ತು. ಹನ್ನೆರಡೂವರೆಗೆ ಅಮ್ಮ ಇನ್ನೂ ಟೀಚರ್ ಜೊತೆ ತೋಟದ ಮೂಲೆಯಲ್ಲಿ ನಿಂತು, ಗೇಣುದ್ದದ ಮರಗೆಣಸಿನ ಕಡ್ಡಿಗಳನ್ನು ಹಳೇ ಸೀರೆ ತುಂಡಿನಲ್ಲಿ ಕಟ್ಟಿಸಿಕೊಳ್ಳುತ್ತಿದ್ದರು.